ಮೊಂತೆಲೂನೊದ ಒಗೆಯುವ ಕಲ್ಲು

ಕೆಂಚಯ್ಯ ಕಳೆದ ಮಂಗಳವಾರ ಬೆಳಿಗ್ಗೆ ಯಳಂದೂರಿನ ತನ್ನ ಮನೆಯಲ್ಲಿ ತೀರಿಕೊಂಡ. ಅರವತ್ತೆರಡು ವರ್ಷ. ಮೂವತ್ತೈದು ವರ್ಷ ಕರಿಕಲ್ಲಿನ ಕ್ವಾರಿಯಲ್ಲಿ ದುಡಿದವನ ಎದೆಯಲ್ಲಿ ಕಲ್ಲಿನ ಧೂಳು ಕೂತಿತ್ತು.

ಕ್ವಾರಿಯಲ್ಲಿ ಅವನ ಕೆಲಸ ಕಲ್ಲು ಆರಿಸುವುದು. ಬಂಡೆಯ ಮೇಲೆ ಒಂದು ಬಿಂದಿಗೆ ನೀರು ಸುರಿದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂರುವನು. ನೀರು ಆರುತ್ತ ಬಂದಾಗ ಎಲ್ಲಿಯಾದರೂ ಒಂದು ಗೆರೆ ಒದ್ದೆಯಾಗಿಯೇ ಉಳಿದರೆ ಅಲ್ಲಿ ಬಿರುಕು. ಪರದೇಶದ ವ್ಯಾಪಾರಿಗಳು ಏನೇ ಯಂತ್ರ ತಂದರೂ ಕೊನೆಗೆ ಅವನ ಮುಖ ನೋಡುತ್ತಿದ್ದರು.

ಅವರಲ್ಲಿ ಇಟಲಿಯ ಬ್ರೂನೊ ಎಂಬ ಮುದುಕ ಒಬ್ಬ. ನೀರು ಆರುವವರೆಗೆ ಸುಮ್ಮನಿರಲಾಗದೆ ತನ್ನೂರಿನ ಮಾತು ತೆಗೆಯುವನು. ಕ್ವಾರಿ ಆಫೀಸಿನ ಶಾಂತರಾಜು, ಕೆಂಚಯ್ಯನ ಗೆಳೆಯ, ಅದನ್ನು ಕನ್ನಡದಲ್ಲಿ ಹೇಳುವನು. ಊರಿನ ಹೆಸರು ಮೊಂತೆಲೂನೊ. ಬೆಟ್ಟದ ನೆತ್ತಿಯಲ್ಲಿ ಸುತ್ತ ಕೋಟೆ, ಒಳಗೆ ನಲವತ್ತು ಮನೆ. ಹಿಂದೊಮ್ಮೆ ಭೂಕಂಪಕ್ಕೆ ಅರ್ಧ ಊರು ಬಿತ್ತು. ಬಿದ್ದ ಕಲ್ಲುಗಳಿಂದಲೇ ಮತ್ತೆ ಕಟ್ಟಿಕೊಂಡರು. ಕೋಟೆ ಬಾಗಿಲ ಕೆಳಗೆ ಊರಿಗೆಲ್ಲ ಒಂದೇ ನೀರಿನ ತೊಟ್ಟಿ, ಅದರ ಅಂಚಿಗೆ ಬಟ್ಟೆ ಒಗೆಯುವ ಉದ್ದನೆಯ ಕಲ್ಲು. ಅಲ್ಲಿ ಪ್ರತಿ ಮನೆಗೂ ಒಂದು ಜಾಗ, ಅತ್ತೆಯದು ಸೊಸೆಗೆ. ಮನೆ ಅಳಿದರೂ ಆ ಜಾಗದಲ್ಲಿ ಬೇರೆಯವರು ನಿಲ್ಲುವುದಿಲ್ಲ. ಈಗ ಎಲ್ಲರಿಗೂ ವಾಷಿಂಗ್ ಮೆಷಿನ್ ಇದೆ, ಮುಕ್ಕಾಲು ಜನ ಬಯಲಿನ ಪಟ್ಟಣಗಳಲ್ಲಿದ್ದಾರೆ. ಆದರೂ ಮೇ ತಿಂಗಳ ಮೊದಲ ಭಾನುವಾರ ಬೆಟ್ಟ ಹತ್ತಿ ಬಂದು, ತಮ್ಮ ತಮ್ಮ ಜಾಗದಲ್ಲಿ ನಿಂತು ಒಂದೊಂದು ಬಟ್ಟೆ ಒಗೆಯುತ್ತಾರೆ.

ಆ ಕಲ್ಲು ಹಿಮಕ್ಕೆ ಸೀಳಿಹೋಗಿತ್ತು. ಬ್ರೂನೊ ಹೊಸದು ಕೇಳಿದ.

“ಒಗಿಯೋ ಕಲ್ಲಿಗೆ ಅಷ್ಟ್ ದೂರದಿಂದ ಬಂದವ್ನೆ ಶಾಂತ, ಸೋಪೂ ನಾವೇ ಕೊಡ್ಬೇಕಾ ಕೇಳ್ಲಾ,” ಎಂದ ಕೆಂಚಯ್ಯ.

ಎಂದನೇ ಹೊರತು ಎಂಟು ದಿನ ಹುಡುಕಿದ. ಹನ್ನೊಂದು ಬಂಡೆ ಬೇಡವೆಂದು ಹನ್ನೆರಡನೆಯದರ ಮೇಲೆ ಅಂಗೈ ಇಟ್ಟ. ಬ್ರೂನೊ ಅದೇ ಕೈ ಹಿಡಿದುಕೊಂಡು, ಕಲ್ಲಿನ ತುದಿಯಲ್ಲಿ ಒಂದು ಜಾಗ ಹೆಚ್ಚಿಗೆ ಬಿಡಿಸುತ್ತೇನೆ, ಅದು ನಿನ್ನ ಮನೆಯದು, ಬಂದು ಒಗೆ ಎಂದ.

ಅಂದಿನಿಂದ ಕೆಂಚಯ್ಯನಿಗೆ ಅದೇ ಧ್ಯಾನ. ಪಾಸ್‌ಪೋರ್ಟ್ ಮಾಡಿಸಿದ. ಕೊಳ್ಳೇಗಾಲಕ್ಕೆ ಹೋಗಿ ಸ್ವೆಟರ್ ತಂದ. ಸಂಜೆ ಬಿಳಿಗಿರಿರಂಗನ ಬೆಟ್ಟದ ಕಡೆ ನೋಡುತ್ತ, “ಅವ್ರ ಬೆಟ್ಟ ಇಷ್ಟ್ ಎತ್ರ ಇದ್ದದಾ?” ಎನ್ನುವನು. ಬ್ರೂನೊ ಕಳಿಸಿದ ಫೋಟೊದಲ್ಲಿ ಕಲ್ಲಿನುದ್ದಕ್ಕೂ ಜನ, ತುದಿಯಲ್ಲಿ ಒಂದು ಆಳು ನಿಲ್ಲುವಷ್ಟು ಖಾಲಿ. ಅದನ್ನು ಎಲ್ಲರಿಗೂ ತೋರಿಸುವನು.

“ನಾನೊಬ್ಬ ಬರ್ಲಿ ಅಂತ ಕಾಯ್ತಾವ್ರೆ ನೋಡ್ಲಾ.”

ಈ ಫೆಬ್ರವರಿಯಲ್ಲಿ ಮೈಸೂರಿನ ಡಾಕ್ಟರು ಎಕ್ಸ್‌ರೇ ನೋಡಿ ವಿಮಾನದ ಮಾತೇ ಬೇಡವೆಂದರು. ಯಳಂದೂರು ಬರುವವರೆಗೂ ಅವನು ಬಸ್ಸಿನ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

ತೀರಿಕೊಳ್ಳುವ ಹಿಂದಿನ ದಿನ, ಸೋಮವಾರ ಮಧ್ಯಾಹ್ನ, ಶಾಂತರಾಜು, ಕೆಂಚಯ್ಯ ಈ ಮೇ ತಿಂಗಳಿಗೂ ಬರಲಾರನೆಂದು ಬ್ರೂನೊಗೆ ಕಾಗದ ಬರೆದು, ಪೋಸ್ಟಾಫೀಸಿಗೆ ಹೊರಡುವ ಮೊದಲು ಓದಿ ಹೇಳಿದ. ಕೆಂಚಯ್ಯ ಹೆಗಲ ಮೇಲಿನ ಟವಲ್ ತೆಗೆದ.

“ಇದ್ನೂ ಜೊತೇಲಿ ಕಳ್ಸು. ನನ್ ಜಾಗ್ದಲ್ಲಿ ಒಗೀಲಿ.”

ಹೆಂಡತಿ ರಾಚಮ್ಮ ಕೈ ಚಾಚಿದಳು. “ಇತ್ತಗೆ ಕೊಡಿ, ಒಗ್ದು ಕೊಡ್ತೀನಿ. ಈ ಗಲೀಜ್ನ ಅಲ್ಲಿಗಂಟ ಕಳ್ಸುದ್ರೆ ನಮ್ ಮಾನ ಓಯ್ತದೆ.”

“ಒಗ್ದಿರೋದ್ನ ಒಗಿಯಾಕೆ ಯಾರಾದ್ರೂ ಕಳಿಸ್ತಾರಾ? ಸುಮ್ಕಿರಮ್ಮಿ.”

ಅವನು ಟವಲಿನಿಂದ ಮುಖ ಒರೆಸಿಕೊಂಡ, ಕತ್ತು ಒರೆಸಿಕೊಂಡ, ಮಡಿಸದೆ ಹಾಗೆಯೇ ಶಾಂತರಾಜುವಿನ ಕೈಗೆ ಕೊಟ್ಟ.