ತೋಟದ ರೈಲಿನ ತಿರುವಿನಲ್ಲಿ ಇಲ್ಲದ ಪೊದೆ

ಇಲ್ಲಿ ಬರೆಯುತ್ತಿರುವುದರಲ್ಲಿ ಕೆಲವು ಸಂಗತಿಗಳು ತಪ್ಪಿರಬಹುದು. ಆಗಿನ ಡೈರಿ ನನ್ನೆದುರಿಗಿದೆ. ಆದರೆ ಯಾವ ಪುಟವನ್ನು ಆಯಾ ದಿನವೇ ಬರೆದೆ, ಯಾವುದನ್ನು ಆಮೇಲೆ ಸಂಕಟದಲ್ಲಿ ಕೂತು ತುಂಬಿಸಿದೆ ಎಂಬುದನ್ನು ಶಾಯಿಯ ಬಣ್ಣ ನೋಡಿ ಊಹಿಸಬೇಕಾಗಿದೆ. ಅಳತೆಗಳನ್ನು ನಂಬಬಹುದು. ಉಳಿದದ್ದನ್ನು ಓದುವವರು ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದಲಿ.

೧೯೯೩ರಲ್ಲಿ ನಾನು ಮೈಸೂರಿನ ಒಂದು ಸಣ್ಣ ಕಾರ್ಯಾಗಾರದಲ್ಲಿ ಮಾಡೆಲರ್ ಆಗಿದ್ದೆ. ಓದಿದ್ದು ಇತಿಹಾಸದಲ್ಲಿ ಎಂ.ಎ., ಹೊಟ್ಟೆಪಾಡಿಗೆ ಹಿಡಿದದ್ದು ಅಂಟು, ಗರಗಸ, ಸಿಮೆಂಟು. ವಸ್ತುಪ್ರದರ್ಶನಗಳಿಗೆ ಅಣೆಕಟ್ಟು, ಆಸ್ಪತ್ರೆ, ದೇವಸ್ಥಾನಗಳನ್ನು ಮೇಜಿನ ಅಳತೆಗೆ ಇಳಿಸಿ ಕೊಡುವುದು ನಮ್ಮ ಕೆಲಸ. ಆ ವರ್ಷ ನನ್ನ ಸೋದರಮಾವ ಕಾರ್ಯಾಗಾರಕ್ಕೆ ಒಂದು ವಿಚಿತ್ರ ಬೇಡಿಕೆ ತಂದರು. ಅವರು ಸ್ಟೇಷನ್ ಮಾಸ್ಟರಾಗಿ ನಿವೃತ್ತರಾಗಿ ಗುಂಡ್ಲುಪೇಟೆಯಲ್ಲಿ ಮನೆ ಕಟ್ಟಿಕೊಂಡಿದ್ದರು. ಗುಂಡ್ಲುಪೇಟೆಗೆ ರೈಲಿಲ್ಲ. ಹಳಿ ಚಾಮರಾಜನಗರದಲ್ಲೇ ಮುಗಿಯುತ್ತದೆ. "ಈ ಊರಿಗೆ ರೈಲು ಬರೋದು ನಾನು ಕಾಣೆ ಕಣಮ್ಮಿ, ನನ್ ಹಿತ್ಲಿಗಾದ್ರೂ ಬರ್ಲಿ" ಎಂದರು. ಹಿತ್ತಿಲಿನಲ್ಲಿ ಮಳೆ ಬಿಸಿಲಿಗೆ ತೆರೆದುಕೊಂಡು ಓಡುವ ಗಾರ್ಡನ್ ರೈಲ್ವೆ ಬೇಕಿತ್ತು ಅವರಿಗೆ.

ಎಂಜಿನ್ ಮತ್ತು ಹಳಿ ಬೇರೊಬ್ಬ ಮೆಕ್ಯಾನಿಕ್‌ನ ಪಾಲು. ಹಳಿಯ ಪಕ್ಕದ್ದೆಲ್ಲ, ಎಂದರೆ ಪ್ಲಾಟ್‌ಫಾರ್ಮು, ಮೋರಿ, ಸಿಗ್ನಲ್ ಕಂಬ, ಗೇಟ್‌ಮನೆ, ಗಿಡಮರ, ನನ್ನ ಪಾಲು. ಸ್ಕೇಲು ಒಂದಕ್ಕೆ ಇಪ್ಪತ್ತೆರಡೂವರೆ. ಆ ಸ್ಕೇಲಿನಲ್ಲಿ ನಲವತ್ತೈದು ಮಿಲಿಮೀಟರ್ ಅಗಲದ ಹಳಿ ಹಾಕಿದರೆ ಅದು ಆಗ ಮೈಸೂರು–ಚಾಮರಾಜನಗರದ ನಡುವೆ ಇದ್ದ ಮೀಟರ್ ಗೇಜ್‌ಗೆ ಸರಿಹೊಂದುತ್ತದೆ. ಇದನ್ನು ಕೇಳಿದಾಗ ಮಾವನಿಗೆ ಆದ ಸಂತೋಷ ಡೈರಿಯಲ್ಲಿ ಒಂದು ಪುಟ ತುಂಬಿದೆ.

ಆಗಸ್ಟಿನಲ್ಲಿ ನಾವಿಬ್ಬರೂ ಅಳತೆಗೆ ಹೋದೆವು. ಮಾವ ಆರಿಸಿದ್ದು ಚಾಮರಾಜನಗರಕ್ಕೆ ಸ್ವಲ್ಪ ಈಚೆಗಿರುವ ಒಂದು ಲೆವೆಲ್ ಕ್ರಾಸಿಂಗ್. ಅಲ್ಲಿನ ಗೇಟ್‌ಮ್ಯಾನ್ ನಂಜಶೆಟ್ಟಿ, ಇಪ್ಪತ್ತೆರಡು ವರ್ಷ ಸರ್ವೀಸಾದವರು, ಹೆಂಡತಿ ಪುಟ್ಟತಾಯಮ್ಮನ ಜೊತೆ ಗೇಟಿನ ಪಕ್ಕದ ಇಲಾಖೆಯ ಮನೆಯಲ್ಲೇ ವಾಸ. ನಾನು ಗೋಡೆಗೆ ಟೇಪು ಹಿಡಿದಾಗ ಅವರು ನಕ್ಕರು. "ಇನ್ನೂ ಚಿಕ್ಕದು ಮಾಡ್ತೀರಾ ಮೇಡಮ್ಮೋರೆ? ಈಗ್ಲೇ ಕಾಲು ನೀಡಿದ್ರೆ ಬಾಗಿಲಾಚೆ ಓಯ್ತವೆ."

ಗೇಟ್‌ಮನೆ ಮೂರು ಮೀಟರ್ ಉದ್ದ, ಎರಡು ನಲವತ್ತು ಅಗಲ. ಗೇಟಿನಿಂದ ಮೈಸೂರು ಕಡೆಯ ತಿರುವಿಗೆ ಇನ್ನೂರ ಎಪ್ಪತ್ತು ಮೀಟರ್, ಮೂವತ್ತು ಮೀಟರ್ ಟೇಪಿನಲ್ಲಿ ಒಂಬತ್ತು ಸಲ. ಇವೆಲ್ಲ ನೋಟ್‌ಬುಕ್ಕಿನಲ್ಲಿವೆ. ಗಿಡಗಳಿಲ್ಲ. ನಮ್ಮ ಕಾರ್ಯಾಗಾರದ ರೂಢಿ ಹಾಗೆ: ಕಟ್ಟಡಕ್ಕೆ ಟೇಪು, ಗಿಡಕ್ಕೆ ಕಣ್ಣು. ಕಟ್ಟಡ ಕದಲುವುದಿಲ್ಲ, ಗಿಡ ದಿನಕ್ಕೊಂದು ಆಕಾರ, ಅದನ್ನು ಅಳೆಯುವುದು ಕಾಲಹರಣ ಎಂದು ಯಜಮಾನರು ಹೇಳಿಕೊಟ್ಟಿದ್ದರು. ಎಂಟು ಫೋಟೋ ತೆಗೆದೆ. ಎಂಟೂ ಗೇಟು ಮತ್ತು ಮನೆಯವು. ತಿರುವಿನ ಕಡೆಗೆ ಕ್ಯಾಮೆರಾ ತಿರುಗಿಸಲೇ ಇಲ್ಲ.

ಮೂರು ತಿಂಗಳು ಕೆಲಸ ನಡೆಯಿತು. ತಂತಿಬಲೆಯ ಮೇಲೆ ಸಿಮೆಂಟು ಮೆತ್ತಿ ಗೋಡೆ, ಕುಂಬಾರರ ಒಲೆಯಲ್ಲಿ ಸುಟ್ಟ ಉಗುರಿನಷ್ಟು ಹೆಂಚು, ರಾಗಿಗಿಂತ ಒಂದಿಷ್ಟು ದಪ್ಪಗೆ ಜರಡಿ ಹಿಡಿದ ಜಲ್ಲಿ. ಹೊಸದಾಗಿ ಹೊಳೆಯುವ ಗೋಡೆಗೆ ಹೊಗೆಮಸಿ, ಕಾವಿಮಣ್ಣು ಉಜ್ಜಿ ವಯಸ್ಸು ತರಿಸಿದೆ. ಗಿಡಗಳು ಮಾತ್ರ ಜೀವಂತ. ಸಣ್ಣ ಎಲೆಯ ನೆಲನೆಲ್ಲಿಯನ್ನು ನೆಟ್ಟರೆ ದೂರಕ್ಕೆ ಹುಣಸೆಮರದಂತೆ ಕಾಣುತ್ತದೆ. ಹಳಿಯುದ್ದಕ್ಕೂ ಅಲ್ಲಲ್ಲಿ ಲಂಟಾನ ಪೊದೆಗೆ ಮರುಗ. ಇದನ್ನು ಕಂಡು ನಮ್ಮತ್ತೆ ಸುಮ್ಮನಿರಲಿಲ್ಲ. "ಎಂ.ಎ. ಓದಿ ಮರುಗನ ಲಂಟಾನ ಅಂತೀಯಲ್ಲಮ್ಮಿ, ನಾನಿನ್ನು ಮಲ್ಲಿಗೆ ಜೊತ್ಗೆ ಲಂಟಾನ ಮುಡಿಬೇಕಾ?" ಎಂದು ನಕ್ಕು, ನನ್ನೆದುರಿಗೇ ಎರಡು ಕುಡಿ ಚಿವುಟಿಕೊಂಡು ಹೋದರು.

ಒಂದು ತಾಂತ್ರಿಕ ವಿಷಯ ಹೇಳಬೇಕು. ಇನ್ನೂರ ಎಪ್ಪತ್ತು ಮೀಟರ್ ನಮ್ಮ ಸ್ಕೇಲಿನಲ್ಲಿ ಹನ್ನೆರಡು ಮೀಟರ್ ಆಗಬೇಕು. ಹಿತ್ತಿಲಿನಲ್ಲಿ ಸಿಕ್ಕಿದ್ದು ನಾಲ್ಕೂವರೆ. ಹೀಗಾದಾಗ ಕಟ್ಟಡಗಳನ್ನು ಸರಿಯಾದ ಅಳತೆಯಲ್ಲಿಟ್ಟು, ನಡುವಿನ ಖಾಲಿ ಜಾಗವನ್ನು ಕುಗ್ಗಿಸುತ್ತೇವೆ. ಇದಕ್ಕೆ ಕಂಪ್ರೆಷನ್ ಎನ್ನುತ್ತಾರೆ. ನೋಡುವವರಿಗೆ ಗೊತ್ತಾಗುವುದಿಲ್ಲ, ಗೊತ್ತಾಗಬಾರದು ಎಂಬುದೇ ಕಸುಬಿನ ಹೆಮ್ಮೆ. ಮಾವನಿಗೆ ಇದನ್ನು ವಿವರಿಸಿದ್ದೆ. ಅವರು ಜಗುಲಿಯ ಮೇಲೆ ಕುರ್ಚಿ ಹಾಕಿಕೊಂಡು ಕೂತು, "ಎಲ್ಲಾ ಸರಿ, ಆದ್ರೆ ಇಲ್ಲಿ ಕೂತೋರಿಗೆ ರೈಲು ಪೂರ್ತಿ ಕಾಣ್ಬೇಕು, ಅಷ್ಟೆ" ಎಂದಿದ್ದರು.

ನವೆಂಬರ್ ಕೊನೆಗೆ ರೈಲು ಓಡಿತು. ನಂಜಶೆಟ್ಟಿ ದಂಪತಿ ಬಸ್ಸಿನಲ್ಲಿ ಬಂದಿದ್ದರು. ಗೇಟಿನ ಬಳಿ ಹಸಿರು ಬಾವುಟ ಹಿಡಿದ ಏಳು ಸೆಂಟಿಮೀಟರ್ ಎತ್ತರದ ನಂಜಶೆಟ್ಟಿಯನ್ನು ನಿಲ್ಲಿಸಿದ್ದೆ. ಪುಟ್ಟತಾಯಮ್ಮ ಬಗ್ಗಿ ನೋಡಿ, "ಇವ್ನು ಉಣ್ಣಕ್ಕೂ ಕೇಳಕ್ಕಿಲ್ಲ, ಬೀಡಿನೂ ಸೇದಕ್ಕಿಲ್ಲ. ಇವನ್ನೇ ಕರ್ಕೊಂಡೋಗನ" ಎಂದಾಗ ಎಲ್ಲರೂ ನಕ್ಕೆವು. ಆ ದಿನದ ನಗುವಿನ ಬಗ್ಗೆ ನನಗೆ ಅನುಮಾನವಿಲ್ಲ. ಆ ದಿನ ತಿರುವಿನಲ್ಲಿ ಏನಿತ್ತು ಎಂಬುದರ ಬಗ್ಗೆ ಇದೆ.

ಮರುವರ್ಷ ಫೆಬ್ರವರಿಯಲ್ಲಿ ನಿಜವಾದ ಗೇಟಿನಲ್ಲಿ ಅಪಘಾತವಾಯಿತು. ಅರಿಶಿನ ಹೇರಿದ್ದ ಎತ್ತಿನಗಾಡಿಗೆ ರೈಲು ಬಡಿಯಿತು. ಎರಡೂ ಎತ್ತು ಸತ್ತವು, ಗಾಡಿ ಹೊಡೆಯುತ್ತಿದ್ದವನ ಕಾಲು ಹೋಯಿತು. ಆ ಬೆಳಿಗ್ಗೆ ಸ್ಟೇಷನ್ನಿಗೂ ಗೇಟಿಗೂ ಇದ್ದ ಫೋನ್ ಕೆಟ್ಟಿತ್ತು. ಅಂಥ ಸಮಯದಲ್ಲಿ ಗೇಟು ಮುಚ್ಚಿಟ್ಟು, ಎರಡೂ ಕಡೆ ಕಣ್ಣಾರೆ ನೋಡಿ ಖಚಿತಪಡಿಸಿಕೊಂಡು ಗಾಡಿ ಬಿಡಬೇಕಿತ್ತು. ನಂಜಶೆಟ್ಟಿ ನೋಡಿಯೇ ಗಾಡಿ ಬಿಟ್ಟೆ ಎಂದರು. ತಿರುವಿನ ಒಳಮಗ್ಗುಲಲ್ಲಿ ಲಂಟಾನ ಆಳೆತ್ತರ ಮೀರಿ ಬೆಳೆದು ಹಳಿಯನ್ನು ಮುಚ್ಚಿತ್ತು, ರೈಲು ಪೊದೆ ದಾಟಿ ಬರುವಷ್ಟರಲ್ಲಿ ಗಾಡಿ ಹಳಿಯ ಮೇಲಿತ್ತು ಎಂದರು. ಅಪಘಾತವಾದ ಹದಿನೈದು ದಿನದೊಳಗೆ ಆ ಬದಿ ಸುಟ್ಟು ಬೋಳಾಗಿತ್ತು. ಬೆಂಕಿ ಹಾಕಿದ್ದು ಯಾರು ಎಂದು ಯಾರಿಗೂ ಗೊತ್ತಿರಲಿಲ್ಲ. ಬೇಸಿಗೆಯಲ್ಲಿ ಆ ಕಡೆ ಬದುಗಳಿಗೆ ಬೆಂಕಿ ಬೀಳುವುದು ಹೊಸದೂ ಅಲ್ಲ.

ಇಲಾಖೆಯ ವಿಚಾರಣೆಗೆ ಪ್ರಶ್ನೆ ಒಂದೇ ಆಯಿತು. ತಿರುವು ಕಾಣುತ್ತಿದ್ದರೆ ಅವರು ನೋಡಿಲ್ಲ, ಕೆಲಸ ಹೋಗುತ್ತದೆ, ಜೊತೆಗೆ ಮನೆಯೂ. ಕಾಣುತ್ತಿರಲಿಲ್ಲವಾದರೆ ಅವರು ನೋಡಿದ್ದಾರೆ.

ಏಪ್ರಿಲ್‌ನಲ್ಲಿ ವಿಚಾರಣಾಧಿಕಾರಿ ಊಟಿ ಕಡೆಯಿಂದ ಬರುತ್ತ ಗುಂಡ್ಲುಪೇಟೆಯಲ್ಲಿ ಮಾವನ ಮನೆಗೆ ಕಾಫಿಗೆ ಇಳಿದರು. ಇಬ್ಬರಿಗೂ ಹಳೆಯ ಪರಿಚಯ. ನಾನಲ್ಲಿರಲಿಲ್ಲ, ನಡೆದದ್ದನ್ನು ಅತ್ತೆ ಹೇಳಿದ್ದು. ಮಾವ ರೈಲು ಓಡಿಸಿ ತೋರಿಸಿದರಂತೆ. ಅಧಿಕಾರಿ ಗೇಟನ್ನು ಗುರುತು ಹಿಡಿದು, "ಇದು ಆ ಗೇಟೇ ಅಲ್ವೇನ್ರೀ?" ಎಂದರಂತೆ. ಮಾವ, "ಇಂಚಿಂಚೂ ಅದೇ ಸಾರ್. ನನ್ ಸೊಸೆ ಟೇಪಿಡ್ದು ಅಳ್ದು ಮಾಡವ್ಳೆ, ಒಂದು ಕಡ್ಡಿ ಎಚ್ಚುಕಮ್ಮಿ ಇಲ್ಲ" ಎಂದರಂತೆ. ಅಧಿಕಾರಿ ಗೇಟ್‌ಮನೆಯ ಎತ್ತರಕ್ಕೆ ಮಂಡಿಯೂರಿ ಕೂತು ತಿರುವಿನ ಕಡೆ ನೋಡಿದರಂತೆ. ಅಲ್ಲಿಂದ ತಿರುವು ಸ್ವಚ್ಛವಾಗಿ ಕಾಣುತ್ತಿತ್ತು.

ಮೇ ತಿಂಗಳಲ್ಲಿ ನಂಜಶೆಟ್ಟಿ ನನ್ನನ್ನು ಹುಡುಕಿಕೊಂಡು ಮೈಸೂರಿಗೆ ಬಂದರು. ಕಾರ್ಯಾಗಾರದ ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಕೂರಿ ಎಂದರೂ ಕೂರದೆ ನಿಂತೇ ಮಾತಾಡಿದರು.

"ಪೊದೆ ಇತ್ತು ಅಂತ ಒಂದು ಮಾತು ಏಳ್ಬುಡಿ ಮೇಡಮ್ಮೋರೆ. ನೀವೇ ಅಳ್ದೋರು. ನಿಮ್ ಗೊಂಬೆ ರೈಲ್ನಾಗೂ ಇತ್ತು ಕಣ್ರವ್ವ, ಅವತ್ತು ಬಂದಾಗ ಕಣ್ಣಾರೆ ನೋಡಿವ್ನಿ."

"ಅದರಲ್ಲಿ ಈಗ ಇಲ್ಲ ಅಂತ ಸಾಹೇಬ್ರು ಹೇಳ್ತಿದ್ದಾರಲ್ಲ ನಂಜಶೆಟ್ರೆ."

"ಈಗ ಅಲ್ಲೂ ಇಲ್ಲ, ಇಲ್ಲೂ ಇಲ್ಲ. ನಾನೊಬ್ನೇ ಇವ್ನಿ."

ಬರುತ್ತೇನೆ ಎಂದೆ. ನೋಟ್‌ಬುಕ್, ಫೋಟೋ ಎಲ್ಲ ತೆಗೆದು ರಾತ್ರಿಯಿಡೀ ನೋಡಿದೆ ಎಂದು ಬರೆಯಬಹುದಿತ್ತು, ಆದರೆ ಡೈರಿಯ ಪ್ರಕಾರ ಅರ್ಧ ಗಂಟೆ ನೋಡಿ ಮಲಗಿದ್ದೇನೆ. ಹೆಚ್ಚು ನೋಡಲು ಅದರಲ್ಲಿ ಏನೂ ಇರಲಿಲ್ಲ. ನನ್ನಲ್ಲಿದ್ದದ್ದು ಒಂದು ವಾಸನೆ ಮಾತ್ರ. ಅಳೆಯುವಾಗ ಮೊಣಕೈಗೆ ಗೀರಿದ ಲಂಟಾನದ ಘಾಟು. ಆದರೆ ಅಳತೆಗೆ ಹೋಗಿದ್ದ ಅದೇ ವಾರ ಅತ್ತೆಯ ಜೊತೆ ಹಂಗಳಕ್ಕೆ ನೆಂಟರ ಮನೆಗೆ ಹೋಗಿದ್ದೆ. ಅಲ್ಲಿನ ಹಾದಿಯ ಎರಡೂ ಬದಿಗೆ ಅದೇ ಗಿಡ, ಅದೇ ಘಾಟು. ಗೀರಿದ್ದು ಎಲ್ಲಿ?

ಜೂನ್‌ನಲ್ಲಿ ಚಾಮರಾಜನಗರ ಸ್ಟೇಷನ್ನಿನ ಒಂದು ಕೋಣೆಯಲ್ಲಿ ವಿಚಾರಣೆ. ನಾನು ನಂಜಶೆಟ್ಟಿಯ ಕಡೆಯ ಸಾಕ್ಷಿ. ಮಾವನನ್ನೂ ಕರೆದಿದ್ದೆ, ಮಂಡಿನೋವು ಎಂದು ಬರಲಿಲ್ಲ. ಅಧಿಕಾರಿ ಒರಟು ಮನುಷ್ಯರಲ್ಲ. ಮೆಲ್ಲಗೆ ಕೇಳಿದರು.

"ನಿಮ್ಮ ನೋಟ್‌ಬುಕ್ಕಿನಲ್ಲಿ ಪೊದೆ ಇದೆಯೇನಮ್ಮ?"

"ಇಲ್ಲ ಸಾರ್. ನಾವು ಗಿಡಗಳನ್ನ ಬರ್ಕೊಳ್ಳಲ್ಲ."

"ಮಾಡೆಲ್‌ನಲ್ಲಿ?"

"ಮಾಡೆಲ್ ನಂಬೋ ಹಾಗಿಲ್ಲ ಸಾರ್. ಹನ್ನೆರಡು ಮೀಟರ್ ಇರಬೇಕಾದದ್ದು ನಾಲ್ಕೂವರೆ ಇದೆ."

"ಅಂದ್ರೆ ಅದು ಸರಿಯಾಗಿದ್ರೆ ಪೊದೆ ಇರ್ಲಿಲ್ಲ. ಸರಿಯಾಗಿಲ್ಲದಿದ್ರೆ ನಿಮ್ಮ ಸಾಕ್ಷ್ಯಕ್ಕೆ ಅದರಿಂದ ಆಧಾರ ಇಲ್ಲ. ಹಾಗಾದ್ರೆ ನಿಮ್ಮ ನೆನಪಿನಿಂದ ಹೇಳಿ. ಇತ್ತಾ?"

ಇತ್ತು ಎಂದಷ್ಟೇ ಹೇಳಬೇಕಿತ್ತು. ಎರಡಕ್ಷರಕ್ಕೆ ಎದುರಿನ ಬೆಂಚಿನಲ್ಲಿ ಒಂದು ಸಂಸಾರ ಕಾದು ಕೂತಿತ್ತು. ನಾನು, "ಇತ್ತು ಅನ್ನಿಸುತ್ತೆ. ಖಚಿತವಾಗಿ ಹೇಳಲಾರೆ" ಎಂದೆ. ಅವರು ಬರೆದುಕೊಂಡದ್ದು ಎರಡನೆಯ ವಾಕ್ಯವನ್ನು ಮಾತ್ರ. ನಾನು ಅದಕ್ಕೇ ಸಹಿ ಹಾಕಿದೆ.

ಹೊರಗೆ ಬಂದಾಗ ಪುಟ್ಟತಾಯಮ್ಮ ನನ್ನ ಮುಖ ನೋಡಲಿಲ್ಲ. ನಂಜಶೆಟ್ಟಿಯೇ ಸಮಾಧಾನ ಹೇಳಿದರು. "ಬುಡಿ ಅವ್ವ. ದಿನಾ ನೋಡ್ತಿದ್ದ ನಂಗೇ ಅದು ಯಾವಾಗ ಅಷ್ಟೆತ್ರ ಬೆಳ್ಕಂತು ಗ್ಯಾಪ್ನ ಇಲ್ಲ. ಒಂದಿನ ಬಂದೋರು ನೀವು, ಎಲ್ಲಿ ಮಡಗಿರೀರಿ." ಬೈದಿದ್ದರೆ ಚೆನ್ನಾಗಿತ್ತು. ಎರಡು ತಿಂಗಳಿಗೆ ಅವರನ್ನು ಕೆಲಸದಿಂದ ತೆಗೆದುಹಾಕಿದ ಆದೇಶ ಬಂತು. ಗೇಟ್‌ಮನೆ ಖಾಲಿ ಮಾಡಿ ಸಂತೆಮರಹಳ್ಳಿಯಲ್ಲಿ ಪುಟ್ಟತಾಯಮ್ಮನ ಅಣ್ಣನ ಮನೆ ಸೇರಿದರು.

ಮರುವರ್ಷ ಮಳೆಗೆ ಹಿತ್ತಿಲಿನ ಹಳಿಯ ಕೆಳಗೆ ಮಣ್ಣು ಕುಸಿಯಿತು. ದುರಸ್ತಿಗೆ ನಾನೇ ಹೋದೆ. ತಿರುವಿನ ಒಳಮಗ್ಗುಲನ್ನು ಕರಣೆಯಿಂದ ಕೆದಕುವಾಗ ತಗಡಿಗೆ ತಾಗಿತು. ತುಕ್ಕು ಹಿಡಿದ ಹಾಲುಪುಡಿ ಡಬ್ಬಿ. ಬೇರು ಹಬ್ಬಿ ಹಳಿಯನ್ನು ಎತ್ತದಿರಲೆಂದು ನಾನು ಮರಕ್ಕೆ, ಪೊದೆಗೆ ಆರಿಸಿದ ಪ್ರತಿ ಗಿಡವನ್ನೂ ತಳ ತೂತು ಮಾಡಿದ ಡಬ್ಬಿಯಲ್ಲಿಟ್ಟು ನೆಲದಲ್ಲಿ ಹೂಳುತ್ತಿದ್ದೆ. ಹುಲ್ಲಿಗೆ, ಸಣ್ಣ ಗಿಡಕ್ಕೆ ಡಬ್ಬಿ ಇಡುತ್ತಿರಲಿಲ್ಲ. ಸುತ್ತ ಅಗೆದೆ. ಒಂದರ ಪಕ್ಕ ಒಂದರಂತೆ ನಾಲ್ಕು ಡಬ್ಬಿಗಳು, ಪೊದೆ ನೆಡುವಂತೆ. ಒಳಗೆ ಮಣ್ಣು, ಕೂದಲಿನಂಥ ಒಣಬೇರು, ಮೇಲೆ ಏನೂ ಇಲ್ಲ.

ಅಲ್ಲಿ ನಾನು ಪೊದೆ ನೆಟ್ಟಿದ್ದೆ. ನೆಟ್ಟಿದ್ದರೆ ಕಂಡೇ ನೆಟ್ಟಿರಬೇಕು. ಅಥವಾ ತಿರುವು ಬೋಳಾಗಿ ಕಾಣುತ್ತದೆಂದು ಚೆಂದಕ್ಕೆ ನೆಟ್ಟಿದ್ದೆನೇ? ಈ ಎರಡನೆಯ ಸಾಧ್ಯತೆಯನ್ನು ಬೇಕೆಂದೇ ಬದಿಗೊತ್ತಿ, ಡಬ್ಬಿಗಳನ್ನು ಚೀಲಕ್ಕೆ ತುಂಬಿಕೊಂಡು ಸಂತೆಮರಹಳ್ಳಿಗೆ ಹೋದೆ. ಪುಟ್ಟತಾಯಮ್ಮನ ಅಣ್ಣ ಒಳಗೆ ಕರೆಯಲಿಲ್ಲ. ಮೇಲ್ಮನವಿಯ ಅವಧಿ ಮುಗಿದು ಬಹಳ ಕಾಲವಾಗಿತ್ತು. ಗಂಡ ಹೆಂಡತಿ ಇಬ್ಬರೂ ಗಡಿಯಾಚೆ ತಾಳವಾಡಿ ಕಡೆ ಅರಿಶಿನ ಬೇಯಿಸುವ ಕೆಲಸಕ್ಕೆ ಹೋಗಿದ್ದರು, ವಿಳಾಸ ಅವನಿಗೂ ಗೊತ್ತಿರಲಿಲ್ಲ. ಚೀಲ ನೋಡಿ, "ಈ ಡಬ್ಬ ತಕಂಡೋಗಿ ಯಾರ್ ಮುಂದೆ ಮಡಗಾನ ಈಗ?" ಎಂದ. ನಂಜಶೆಟ್ಟಿಯನ್ನು ಮತ್ತೆ ನೋಡಲಾಗಲಿಲ್ಲ.

ಅಂದಿನಿಂದ ಯಾವ ಮಾಡೆಲ್ ಒಪ್ಪಿಸಿದರೂ ಜೊತೆಗೊಂದು ಹಾಳೆ ಕೊಡುತ್ತಿದ್ದೆ. ಏನನ್ನು ಬಿಟ್ಟಿದ್ದೇನೆ, ಏನನ್ನು ಕುಗ್ಗಿಸಿದ್ದೇನೆ, ಯಾವುದನ್ನು ಅಂದಾಜಿಗೆ ಇಟ್ಟಿದ್ದೇನೆ ಎಂಬ ಪಟ್ಟಿ. ಗಿಡಗಳಿಗೂ ಟೇಪು ಹಿಡಿದೆ. ನಿಜದಂತೆ ಕಾಣುವುದನ್ನು ಮಾಡುವವರು ಅದು ಎಲ್ಲೆಲ್ಲಿ ನಿಜವಲ್ಲ ಎಂದು ತಾವೇ ಬರೆದಿಡಬೇಕು. ಕೆಲಸ ಕಲಿಸಿದ್ದು ಇದನ್ನು. ಗಿರಾಕಿಗಳಲ್ಲಿ ಹೆಚ್ಚಿನವರು ಆ ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡದ್ದನ್ನು ಕಂಡಿದ್ದೇನೆ, ಓದಿದ್ದನ್ನು ಕಂಡಿಲ್ಲ.

ಮರುಗ ಬಿಸಿಲಿಗೆ ತಾನಾಗಿ ಒಣಗಿರಬಹುದು. ಅತ್ತೆಯನ್ನು ಕೇಳಿದೆ. "ನಾನು ಕುಡಿ ಚಿವುಟ್ತಿದ್ದೆ ಕಣಮ್ಮಿ, ಬುಡ ಕೀಳ್ತಿರ್ಲಿಲ್ಲ" ಎಂದು ಅತ್ತರು. ಉಳಿದವರು ಮಾವ. ಸಂತೆಮರಹಳ್ಳಿಯಿಂದ ಹಿಂತಿರುಗಿದ ಸಂಜೆ ಅವರು ಜಗುಲಿಯ ಕುರ್ಚಿಯಲ್ಲಿ ಕೂತು ರೈಲು ಓಡಿಸುತ್ತಿದ್ದರು. ಎದುರಿಗೆ ನಿಂತು ಕೇಳಿದೆ. ಅವರು ಸ್ವಿಚ್ಚಿನಿಂದ ಕೈ ತೆಗೆಯಲಿಲ್ಲ, ರೈಲು ಇನ್ನೂ ಎರಡು ಸುತ್ತು ಹೋಯಿತು. ಕಾಫಿ ಆರಿಹೋಗುತ್ತದೆ, ಕುಡಿ ಎಂದರು. ಆಮೇಲೆ ಎರಡು ಸಲ ಕಾಗದದಲ್ಲಿ ಕೇಳಿದೆ. ಮನೆಯ ಎಲ್ಲರ ಯೋಗಕ್ಷೇಮ ಬರೆದರು, ಅದೊಂದನ್ನು ಬಿಟ್ಟು. ಕೇಳಿದ್ದು ಇಷ್ಟೇ:

"ಮಾವ, ಸಾಹೇಬರು ಬರೋ ಮುಂಚೆ ಆ ಗಿಡಗಳನ್ನ ಕಿತ್ತಿದ್ದು ನೀವಾ?"