ಫ್ರೆಸ್ನೊ ಬೀಗರಿಗೆ ದ್ರಾಕ್ಷಿ

ನಾನಿರುವ ಕ್ರಾನ್‌ಬರ್ನ್ ಊರಿನ ಒಂದು ಕನ್ನಡ ಮನೆಯ ನಿಶ್ಚಿತಾರ್ಥಕ್ಕೆ ಅಡುಗೆ ನನ್ನದಾಗಿತ್ತು. ಗಂಡಿನ ಕಡೆಯವರು ಕ್ಯಾಲಿಫೋರ್ನಿಯಾದ ಫ್ರೆಸ್ನೊದಲ್ಲಿ ನೆಲೆಸಿದ ಪಂಜಾಬಿಗಳು. ಯಾರಿಗೆ ಬಡಿಸುತ್ತೇನೋ ಅವರ ಊರಿನ ಬಗ್ಗೆ ಓದಿಕೊಳ್ಳುವುದು ನನ್ನ ಹಠ. ಲೈಬ್ರರಿಯಲ್ಲಿ ಪುಸ್ತಕ ಸಿಕ್ಕಿತು. ರೈಲು ಬಂದದ್ದರಿಂದ ಹುಟ್ಟಿದ ಊರು, ಮಳೆ ಕಡಿಮೆ, ಬೆಟ್ಟದ ಹಿಮ ಕರಗಿದ ನೀರು ಕಾಲುವೆಯಲ್ಲಿ ಬರುತ್ತದೆ, ಒಣದ್ರಾಕ್ಷಿಯಿಂದ ಬೆಳೆದಿದೆ. ಅವರ ಗೌರವಕ್ಕೆಂದು ಕೇಸರಿಬಾತ್, ಪಾಯಸ, ಪಲಾವ್, ಕೊನೆಗೆ ಕೋಸಂಬರಿಗೂ ಒಣದ್ರಾಕ್ಷಿ ಸುರಿದೆ.

ಊಟಕ್ಕೆ ಕೂತಾಗ ಹುಡುಗಿಯ ತಾಯಿ ಅಡುಗೆಮನೆಗೆ ಓಡಿ ಬಂದರು. “ಅಕ್ಕಾ, ಹುಡುಗನ ತಂದೆ ತಟ್ಟೆ ಮುಟ್ತಾನೇ ಇಲ್ಲ. ಈ ಸಂಬಂಧ ಬೇಡ ಅಂತಾರೋ ಏನೋ.”

ನಾನೇ ಹೋಗಿ ಹಿಂದಿಯಲ್ಲಿ ಕೇಳಿದೆ, “ಭಾಯಿಸಾಬ್, ಅಡುಗೆ ಹಿಡಿಸಲಿಲ್ವಾ?”

ಅವರು ದನಿ ತಗ್ಗಿಸಿದರು. “ಹುಡುಗಿ ಬಂಗಾರ, ದೀದಿ. ನಿಮ್ಮ ಕೈರುಚಿಯೂ ಚೆನ್ನಾಗೇ ಇರಬೇಕು. ಆದರೆ ಚಿಕ್ಕಂದಿನಿಂದ ಬಿಸಿಲಲ್ಲಿ ಮಂಡಿಯೂರಿ ದ್ರಾಕ್ಷಿ ಒಣಗಿಸಿದ್ದೀನಿ. ಅದರಿಂದ ತಪ್ಪಿಸಿಕೊಳ್ಳೋಕೇ ಟ್ರಕ್ ಓಡಿಸೋಕೆ ಹೋದೆ. ಇಲ್ಲೂ ಅದೇ ಬಂತಲ್ಲ?”

ದ್ರಾಕ್ಷಿ ಸೋಕದ ಬಿಸಿ ಅನ್ನ, ಮಜ್ಜಿಗೆಹುಳಿ ಬಡಿಸಿದೆ. ಮತ್ತೆ ಮತ್ತೆ ಕೇಳಿ ಹಾಕಿಸಿಕೊಂಡರು. ಹುಡುಗಿಯ ತಾಯಿ ನಿರಾಳವಾಗಿ ಉಸಿರು ಬಿಟ್ಟರು, ನಾನೂ ಬಿಟ್ಟೆ.

ನಾನು ಓದಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆ ಊರಿನವರಿಗೆ ಏನು ಸೇರುತ್ತದೆ ಎಂದು ಪುಸ್ತಕ ಬರೆದವರು ಕೇಳಿರಲಿಲ್ಲ, ಅಷ್ಟೇ.