ಬಳೆಗಾರ ಮನ್ಮಥಪ್ಪ ತಂದ ಸುದ್ದಿ

ತಾಂಡೂರಿನ ಬೋರ್ಡಿಂಗಿನಲ್ಲಿ ಓದಿದವರಲ್ಲಿ ಒಬ್ಬ ವಕೀಲನಾದ, ಇಬ್ಬರು ತಹಸೀಲು ಕಚೇರಿ ಸೇರಿದರು, ನಾಲ್ಕಾರು ಮಂದಿ ಅಂಗಡಿ ಇಟ್ಟರು. ಜಹೀರಾಬಾದಿನ ಮನ್ಮಥಪ್ಪ ಮಾತ್ರ ಅಪ್ಪನ ಬಳೆಯ ಮಲಾರವನ್ನೇ ಹೆಗಲಿಗೆ ಹಾಕಿಕೊಂಡ. ಅದಕ್ಕೆ ಅವನೇನೂ ಕೊರಗಲಿಲ್ಲ. "ವಕೀಲನ ಮನಿಗಿ ಮಂದಿ ಹೋಗ್ತಾರ, ನಾ ಮಂದಿ ಮನಿಗಿ ಹೋಗ್ತೀನಿ. ಅಷ್ಟ ಫರಕ" ಎನ್ನುತ್ತಿದ್ದ.

ವಾರಕ್ಕೊಂದು ದಿನ ಕೊಹೀರ್, ಒಂದು ದಿನ ಮೊಗುಡಂಪಲ್ಲಿ, ಹದಿನೈದು ದಿನಕ್ಕೊಮ್ಮೆ ನಾರಾಯಣಖೇಡದ ಕಡೆ. ಕೈಗೆ ಬಳೆ ಇಡಿಸಿಕೊಳ್ಳುತ್ತ ಕೂತ ಹೆಂಗಸರು ಬಾಯಿ ಮುಚ್ಚಿಕೊಂಡಿರುವುದುಂಟೇ? ಗಂಡನಿಗೆ ವರ್ಗವಾದದ್ದು, ಕೂಸಿಗೆ ಹಲ್ಲು ಬಂದದ್ದು, ಅತ್ತೆ ಒಲೆ ಬೇರೆ ಮಾಡಿದ್ದು, ಎಲ್ಲ ಬಳೆಗಾರನ ಕಿವಿಗೆ. ಹೀಗೆ ಬೋರ್ಡಿಂಗಿನ ಗೆಳೆಯರ ಖಬರೆಲ್ಲ ಅವರ ಹೆಂಡಂದಿರಿಂದ ಮನ್ಮಥಪ್ಪನಿಗೆ ತಲುಪುತ್ತಿತ್ತು.

ಸಂಕ್ರಾಂತಿ ಕಳೆದ ಮೊದಲ ಸೋಮವಾರ ಹಳೆಯ ಹುಡುಗರೆಲ್ಲ ಬೋರ್ಡಿಂಗಿನಲ್ಲಿ ಸೇರುವ ಪದ್ಧತಿ. ನಿಜಾಮರ ಸರಕಾರದಲ್ಲಿ ಸಭೆ ಎಂದರೆ ಅಪ್ಪಣೆ ಬೇಕು, ಅದಕ್ಕೇ ಅದನ್ನು ಪ್ರಸಾದ ಎನ್ನುತ್ತಿದ್ದರು. ಊಟಕ್ಕೆ ಯಾವ ಪೊಲೀಸ್ ಅಮೀನ ಅಡ್ಡ ಬಂದಾನು? ಉಂಡ ಮೇಲೆ ಎಲ್ಲರೂ ಮನ್ಮಥಪ್ಪನ ಸುತ್ತ ಕೂರುವರು. ಆ ಹೊತ್ತು ವಕೀಲ ಶಿವಶಂಕರಪ್ಪನ ಮಾತಿಗಿಂತ ಬಳೆಗಾರನ ಮಾತಿಗೇ ಬೆಲೆ. ವರ್ಷವೆಲ್ಲ ಬಿಸಿಲಲ್ಲಿ ಓಣಿ ಅಲೆಯುವವನಿಗೆ ಅದು ದೊಡ್ಡ ಮರ್ಯಾದೆಯೇ. ಸುಳ್ಳೇಕೆ ಹೇಳಲಿ, ಸ್ವಲ್ಪ ಜಂಬವೂ ಇತ್ತು.

ಅಲ್ಲಿಗೆ ಬಾರದವನು ಮೊಗುಡಂಪಲ್ಲಿಯ ಹಣಮಯ್ಯ. ನಾಲ್ಕು ವರ್ಷ ಅವನೂ ಮನ್ಮಥಪ್ಪನೂ ಒಂದೇ ಕೌದಿಯಲ್ಲಿ ಮಲಗಿದವರು. ಲೆಕ್ಕದಲ್ಲಿ ಹಣಮಯ್ಯನನ್ನು ಮೀರಿಸುವವರಿರಲಿಲ್ಲ. ಅಪ್ಪ ಸತ್ತದ್ದೇ ಓದು ನಿಂತಿತು, ಈಗ ಪರರ ಹೊಲವನ್ನು ಪಾಲಿಗೆ ಮಾಡುತ್ತಿದ್ದ. ಮಾಸಿದ ಧೋತರ ಉಟ್ಟುಕೊಂಡು ವಕೀಲರ ಪಕ್ಕ ಹೇಗೆ ಕೂರಲಿ ಎಂಬ ಸಂಕೋಚ ಅವನಿಗೆ. ಮನ್ಮಥಪ್ಪ ವಾರ ವಾರವೂ ಅವನ ಮನೆಯಂಗಳದ ಗಿಡ್ಡ ಗೋಡೆಯ ಹೊರಗೆ ಮಲಾರ ಇಳಿಸಿ, ಹೆಂಡತಿ ಸಾಯಮ್ಮನನ್ನು ವಿಚಾರಿಸುವನು. "ಆರಾಮ ಅದಾರ್ರಿ ಅಣ್ಣಾ, ಹೊಲಕ ಹೋಗ್ಯಾರ" ಎಂದು ಅವಳು ಹೇಳಿದರೆ ಮುಗಿಯಿತು. ಗೆಳೆಯ ಬರಲಿ ಎಂದು ಕಾದರೆ ಮುಂದಿನ ಓಣಿ ತಪ್ಪುತ್ತದಲ್ಲ!

ಆ ವರ್ಷ ಪ್ರಸಾದಕ್ಕೆ ಎಂಟು ದಿನವಿತ್ತು. ಮನ್ಮಥಪ್ಪ ಎಂದಿನಂತೆ ಆ ಗೋಡೆಯ ಹತ್ತಿರ ಬಂದು ಒಳಗೆ ನೋಡಿದ. ಅಂಗಳದಲ್ಲಿ ಸಾಯಮ್ಮ ಸೆರಗನ್ನು ಮುಖದ ತನಕ ಎಳೆದುಕೊಂಡು ಕೂತಿದ್ದಳು. ಎರಡೂ ಕೈಯಲ್ಲಿ ಒಂದೂ ಬಳೆಯಿಲ್ಲ. ಮೊಣಕೈವರೆಗೆ ಬೂದಿ ಬಳಿದಂತೆ ಬಿಳುಪು.

ಬಳೆಗಾರನ ಕಸುಬಿಗೆ ಒಂದು ಕಟ್ಟಳೆಯಿದೆ. ಬರಿಗೈ ಕಂಡ ಮನೆಯ ಮುಂದೆ ಕೂಗಬಾರದು, ಮಲಾರ ತೋರಿಸಬಾರದು, ಏನಾಯಿತೆಂದು ಕೇಳಲೂಬಾರದು. ಗಂಡ ಸತ್ತು ಬಳೆ ಒಡೆಸಿಕೊಂಡವಳ ಎದುರು ಬಳೆಯ ಸದ್ದು ಮಾಡುವುದು ಪಾಪ ಎಂದು ಅಪ್ಪ ಕಲಿಸಿದ್ದ. ಮೂರು ವರ್ಷದ ಹಿಂದೆ ಕೊಹೀರಿನ ಗೆಳೆಯ ವೀರಪ್ಪ ತೀರಿದ ಸುದ್ದಿಯನ್ನೂ ಅವನು ಹೀಗೇ, ಹೆಂಡತಿಯ ಕೈ ನೋಡಿಯೇ ತಿಳಿದಿದ್ದ. ಮನ್ಮಥಪ್ಪ ಬಳೆಗಳು ಘಲ್ಲೆನ್ನದಂತೆ ಎದೆಗೆ ಒತ್ತಿ ಹಿಡಿದು, ಯಾರನ್ನೂ ಮಾತಾಡಿಸದೆ ಊರು ದಾಟಿದ. ದಾರಿಯ ಬೇವಿನ ಮರದ ಕೆಳಗೆ ಕೂತು ಮನಸಾರೆ ಅತ್ತ.

ಬೋರ್ಡಿಂಗಿನಲ್ಲಿ ಈ ಸಲ ಉಂಡೇಳುವ ತನಕ ಕಾಯದೆ ಅವನು ಸುದ್ದಿ ಹೇಳಿದಾಗ ಎಲ್ಲರೂ ಎತ್ತಿದ ತುತ್ತನ್ನು ಎಲೆಗೇ ಇಳಿಸಿದರು. ಮೊದಲು ಬಾಯಿ ತೆರೆದವನು ವಕೀಲ ಶಿವಶಂಕರಪ್ಪ. "ನಾ ಲೆಕ್ಕದಾಗ ಪಾಸಾಗಿದ್ದು ಅವನಿಂದನ. ಅಂವ ಇರಲಿಲ್ಲಂದ್ರ ಈ ಕರಿ ಕೋಟು ನನ್ನ ಮೈಮ್ಯಾಲ ಬರ್ತಿರಲಿಲ್ಲ." ನಾರಾಯಣಖೇಡದಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಆತ್ಮಾರಾಮ, "ನನಗ ಸಿಡುಬು ಎದ್ದಾಗ ಎಲ್ಲಾರು ದೂರ ಸರದ್ರಿ. ನೀರು ಕುಡಿಸಿದಾವ ಅವನೊಬ್ಬನ" ಎಂದ. ಅಡುಗೆಯ ಸುಗಲಾಬಾಯಿಗೆ ಎಪ್ಪತ್ತು ದಾಟಿತ್ತು. ಸೌಟು ಕೆಳಗಿಟ್ಟು, "ನಾಕು ವರ್ಷ ನನ್ನ ಕೈಲಿ ಉಂಡಾನ, ಒಂದ್ ದಿನಾನೂ ಸಪ್ಪಗದ ಅನ್ನಲಿಲ್ಲ ನನ ಕೂಸು" ಎಂದು ಕಣ್ಣೊರೆಸಿಕೊಂಡಳು. ಈ ಮಾತುಗಳನ್ನೆಲ್ಲ ಸಾಯಮ್ಮನಿಗೆ ಮುಟ್ಟಿಸುವ ಕೆಲಸ ಮನ್ಮಥಪ್ಪನ ಪಾಲಿಗೆ ಬಂತು.

ವಿಕಾರಾಬಾದಿನಲ್ಲಿ ಗಾಡಿ ಬದಲಿಸಿ ಊರಿಗೆ ಬಂದವನು, ಮಾರನೆಯ ದಿನ ಬರಿ ಹೆಗಲಲ್ಲಿ ಮೊಗುಡಂಪಲ್ಲಿಗೆ ಹೊರಟ. ವಿಧವೆಯ ಮನೆಗೆ ಮಲಾರ ಹೊತ್ತು ಹೋಗುವಂತಿಲ್ಲ. ದಾರಿಯುದ್ದಕ್ಕೂ ವಕೀಲನ ಮಾತು, ಆತ್ಮಾರಾಮನ ಮಾತು ಎಂದು ಬಾಯಿಪಾಠ ಮಾಡಿಕೊಂಡ. ಗೋಡೆ ದಾಟಿ ಅಂಗಳಕ್ಕೆ ಕಾಲಿಟ್ಟರೆ, ಹಣಮಯ್ಯ ಹೊರಸಿನ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಾನೆ!

"ಲೇ ಮನ್ಮಥಾ! ಬರಿಗೈಲಿ ಬಂದೀಯಲ್ಲೊ, ಮಲಾರ ಎಲ್ಲಿ?"

ಮನ್ಮಥಪ್ಪ ಅಲ್ಲೇ ಕೂತು ಮಕ್ಕಳಂತೆ ಅಳತೊಡಗಿದ. ಕೈಗೆ ಬಟ್ಟೆ ಸುತ್ತಿಕೊಂಡ ಸಾಯಮ್ಮ ಗಾಬರಿಯಿಂದ ಹೊರಗೆ ಬಂದಳು. ವಿಷಯ ತಿಳಿದ ಮೇಲೆ ಅವಳಿಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. "ಬೆಲ್ಲದ ಪಾಕ ಕೈಮ್ಯಾಲ ಸಿಡೀತ್ರಿ ಅಣ್ಣಾ. ಕೈ ಬಾತ್ರ ಬಳಿ ಬರಂಗಿಲ್ಲಂತ ಮದಲ ಒಡದ್ರು. ಬಳಿ ಬದಲಿ ಅರಿಷಿಣ ದಾರ ಕಟ್ಟಿದ್ರು. ಸುಣ್ಣದ ತಿಳಿ, ಎಣ್ಣಿ ಕಲಿಸಿ ಹಚ್ಚಿದ್ರು. ನೀವು ಒಂದ್ ಮಾತು ಕೇಳಬಾರದೇನ್ರಿ?"

ಹಣಮಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. "ನನ್ನ ಮಣ್ಣಿಗಿಟ್ಟು ಪ್ರಸಾದಾನೂ ಉಂಡ್ರ್ಯಾ? ಏನಂದ್ರು ಎಲ್ಲಾರು?" ಮನ್ಮಥಪ್ಪ ಬಾಯಿಪಾಠ ಮಾಡಿದ್ದನ್ನೆಲ್ಲ ಒಪ್ಪಿಸಿದ. ಕೇಳುತ್ತ ಕೇಳುತ್ತ ಹಣಮಯ್ಯನ ನಗು ಇಳಿಯಿತು. ವಕೀಲನ ಮಾತನ್ನು ಇನ್ನೊಮ್ಮೆ ಹೇಳಿಸಿಕೊಂಡ. ಶೇಂಗಾ ಸಿಪ್ಪೆಗಳನ್ನು ಸುಮ್ಮನೆ ಒಟ್ಟು ಮಾಡಿದ.

"ಮನ್ಮಥಾ, ಒಂದ್ ಕೇಳ್ತೀನಿ. ಸಾಯಮ್ಮನ ಬರಿಗೈ ನೋಡಿ ನೀ ಗ್ವಾಡಿ ಹೊರಗಿಂದನ ತಿರುಗಿ ಹೋದಿ. ನಾ ಖರೇನ ಸತ್ತಿದ್ರ, ನನ್ನ ಹೆಂಡ್ತಿ ಉಂಡಾಳೊ ಇಲ್ಲೊ ಅಂತ ಒಳಗ ಬರಬೇಕಾದಾವ ನೀನ ಅಲ್ಲೇನು?"

"ನಮ್ಮ ಕಸುಬಿನ ಕಟ್ಟಳಿ ಅದ ಹಣಮ..."

"ವೀರಪ್ಪನ ಮನಿಗಿ ಹೋಗಿದ್ದೇನು?"

ಮನ್ಮಥಪ್ಪ ಇಲ್ಲವೆಂದು ತಲೆಯಾಡಿಸಿದ. ಹಣಮಯ್ಯನಿಗೇ ಕನಿಕರವಾಯಿತು. "ಇರಲಿ ಏಳು. ಮುಂದಿನ ಸಂಕ್ರಾಂತಿಗಿ ನಾನೂ ಬರ್ತೀನಿ. ಸುಗಲವ್ವಗ ಮದಲ ಹೇಳಿಡು, ದೆವ್ವ ಬಂತಂತ ಹೆದರಾಳು" ಎಂದು ಶೇಂಗಾ ತುಂಬಿದ ಬುಟ್ಟಿಯನ್ನು ಅವನ ಕಡೆ ದೂಡಿದ. ಸಾಯಮ್ಮ ಊಟ ಮಾಡಿಸಿಯೇ ಕಳಿಸಿದಳು. ಆದರೂ ಗೆಳೆಯನ ಪ್ರಶ್ನೆಯಿಂದ ಮನ್ಮಥಪ್ಪನಿಗೆ ರಾತ್ರಿ ನಿದ್ದೆ ಹತ್ತಲಿಲ್ಲ.

ಬೆಳಗಾದ ಮೇಲೆ ಅವನು ಮಲಾರವನ್ನು ಮುಟ್ಟದೆ ಕೊಹೀರಿಗೆ ನಡೆದ. ವೀರಪ್ಪನ ಹೆಂಡತಿ ಗುರುಲಿಂಗಮ್ಮನ ಬಾಗಿಲಲ್ಲಿ ನಿಂತಾಗ ಪಕ್ಕದ ಮನೆಯವರು ಇಣುಕಿ ನೋಡಿದರು. ಬಳೆಗಾರನಿಗೆ ಇಲ್ಲೇನು ಕೆಲಸ ಎಂದು ಗೊಣಗಿದರು. ಅವನಿಗೂ ನಾಚಿಕೆಯಾಯಿತು, ಆದರೆ ತಿರುಗಲಿಲ್ಲ.

"ತಂಗೀ, ನಾ ಮನ್ಮಥಪ್ಪ. ವೀರಪ್ಪನ ಜೋಡಿ ಓದಿದಾವ" ಎಂದ.

ಗುರುಲಿಂಗಮ್ಮ ಕಂಬಳಿ ಹಾಸಿದಳು, ನೀರು ತಂದಿಟ್ಟಳು. ತಾನು ಬಾಗಿಲ ಮರೆಯಲ್ಲಿ ಕೂತು ನಿಧಾನವಾಗಿ ಹೇಳಿದಳು: "ನಿಮ್ಮ ದನಿ ನನಗ ಗೊತ್ತದ ಅಣ್ಣಾ. ಮೂರು ವರ್ಷಾತು, ವಾರಾ ವಾರಾ ಓಣ್ಯಾಗ ಕೇಳ್ತೀನಿ. ಆಚಿ ಮನಿ ಮುಂದ ಕೂಗ್ತೀರಿ, ಈಚಿ ಮನಿ ಮುಂದ ಕೂಗ್ತೀರಿ. ನಮ್ಮ ಮನಿ ಮುಂದ ಬಂದಾಗಷ್ಟ ಸುಮ್ಮಾಗ್ತೀರಿ."